ಮನೆಗಾಡಿಯ ಚಾತುರ್ಮಾಸ್ಯ

ಸಂನ್ಯಾಸಿಗಳು ವರ್ಷವೆಲ್ಲ ಊರಿಂದ ಊರಿಗೆ ಸಂಚರಿಸುತ್ತಿದ್ದು, ಮಳೆಗಾಲ ಬಂದೊಡನೆ ಒಂದೆಡೆ ನೆಲೆನಿಲ್ಲುವ ಪದ್ಧತಿ ನಮ್ಮ ನಾಡಿನಲ್ಲಿ ಬಹು ಹಿಂದಿನಿಂದ ಬಂದುದಷ್ಟೆ. ಹೆಸರು ಚಾತುರ್ಮಾಸ್ಯವೆಂದಿದ್ದರೂ ನಾಲ್ಕು ತಿಂಗಳನ್ನು ನಾಲ್ಕು ಪಕ್ಷಗಳಿಗೆ ಇಳಿಸಿಕೊಂಡಿರುವ ಮಠಗಳು ಈಗ ಅನೇಕ. ನಮ್ಮ ಮನೆಯಲ್ಲಿರುವ ಸಂಚಾರಿಗೆ ಮಾತ್ರ ಆ ರಿಯಾಯಿತಿ ಇಲ್ಲ. ಅದು ಅಕ್ಟೋಬರಿನಲ್ಲಿ ನಿಂತಿತೆಂದರೆ ಏಪ್ರಿಲ್ ನಡುವಿನವರೆಗೆ ಒಂದು ಗೇಣೂ ಕದಲುವಂತಿಲ್ಲ. ಅದನ್ನು ಚಾತುರ್ಮಾಸ್ಯವೆನ್ನುವುದಕ್ಕಿಂತ ಷಾಣ್ಮಾಸ್ಯವೆನ್ನುವುದೇ ಸರಿಯಾದೀತು.

ಈ ಸಂಚಾರಿಯ ಉದ್ದ 24 ಅಡಿ, ಚಕ್ರಗಳು ಆರು. ಹೊಟ್ಟೆಯೊಳಗೆ ಅಡುಗೆಯ ಒಲೆ, ಶೀತಕಪಾಟು, ಇಬ್ಬರು ಕುಳಿತು ಉಣ್ಣುವ ಮೇಜು, ಮಲಗುವ ಮಂಚ, ಸ್ನಾನದ ಕೋಣೆ, ಬಿಸಿನೀರಿನ ತೊಟ್ಟಿ ಎಲ್ಲವೂ ಉಂಟು. ಇಲ್ಲಿಯವರು ಇದನ್ನು ಮೋಟಾರ್ ಹೋಮ್ ಎನ್ನುತ್ತಾರೆ. ನಾವು ಗಂಡಹೆಂಡಿರು ಮಾತ್ರ ಮೊದಲಿನಿಂದಲೂ ಮನೆಗಾಡಿ ಎಂದೇ ಕರೆದುಕೊಂಡು ಬಂದಿದ್ದೇವೆ. ನಾವಿರುವುದು ಅಮೆರಿಕದ ಉತ್ತರದ ಅಂಚಿನಲ್ಲಿರುವ ಮಿನ್ನೆಸೋಟ ಸಂಸ್ಥಾನದಲ್ಲಿ. ಈ ಗಾಡಿಯನ್ನು ಚಳಿಗಾಲಕ್ಕೆ ಸಿದ್ಧಪಡಿಸಿ ಒಂದೆಡೆ ಕಟ್ಟಿಡುವುದೆಂದರೆ ಏನೆಂಬುದನ್ನು ಊರಿನಲ್ಲಿರುವ ನನ್ನ ತಂಗಿಗೆ ದೂರವಾಣಿಯಲ್ಲಿ ಎಷ್ಟು ವಿವರಿಸಿದರೂ ಅವಳಿಗೆ ತೃಪ್ತಿಯಾಗಲಿಲ್ಲ. “ನಿಂತ ಗಾಡಿಗೆ ಎಂಥ ಉಪಚಾರವೇ?” ಎಂದಳು. ಈ ಬರವಣಿಗೆ ಅವಳಿಗೂ, ಅವಳಂತೆಯೇ ಕೇಳಬಹುದಾದ ಇತರರಿಗೂ.

ಮೈಸೂರಿನ ಕಡೆಯವರಿಗೆ ಚಳಿಯೆಂದರೆ ಶಾಲು ಹೊದೆಯುವ ಚಳಿ. ಧನುರ್ಮಾಸದ ಹುಗ್ಗಿಯಿಂದ ನೀಗುವ ಚಳಿ. ಇಲ್ಲಿಯ ಚಳಿಯ ಜಾತಿಯೇ ಬೇರೆ. ಜನವರಿಯಲ್ಲಿ ಉಷ್ಣತೆ ಸೊನ್ನೆಗಿಂತ 25 ಡಿಗ್ರಿ ಕೆಳಗಿಳಿದರೆ ಯಾರೂ ಅದನ್ನು ವಿಶೇಷವೆಂದು ಭಾವಿಸುವುದಿಲ್ಲ. ಈ ಸಂಸ್ಥಾನದ ಉತ್ತರಭಾಗದಲ್ಲಿರುವ ಟವರ್ ಎಂಬ ಊರಿನ ಬಳಿ 1996ರ ಫೆಬ್ರವರಿ 2ರಂದು ಸೊನ್ನೆಗಿಂತ 51 ಡಿಗ್ರಿ ಕೆಳಗೆ ದಾಖಲಾಯಿತು. ಆ ಚಳಿಯಲ್ಲಿ ನೀರು ನೀರಾಗಿ ಉಳಿಯುವುದಿರಲಿ, ಉಸಿರೇ ಮೀಸೆಯ ಮೇಲೆ ಹರಳುಗಟ್ಟುತ್ತದೆ. ಅದು ಬರುವ ವೇಳೆಯನ್ನು ನಂಬುವಂತೆಯೂ ಇಲ್ಲ. 1991ರ ಅಕ್ಟೋಬರ್ 31ರಂದು ಆರಂಭವಾದ ಹಿಮಪಾತ ನಾಲ್ಕು ದಿನಗಳಲ್ಲಿ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿನಗರಗಳ ಮೇಲೆ 28 ಇಂಚಿಗೂ ಮಿಕ್ಕಿ ಬಿದ್ದಿತು. ಅಂದಿನಿಂದ ಇಲ್ಲಿಯ ಹಿರಿಯರು ಅಕ್ಟೋಬರಿನ ಬಿಸಿಲನ್ನು, ಸಾಲ ಕೇಳಲು ಬಂದ ನೆಂಟನ ನಗೆಯನ್ನು ನೋಡುವಂತೆ ನೋಡುತ್ತಾರೆ.

ಮನೆಗಾಡಿಯ ಹುಚ್ಚು ನಮ್ಮ ಯಜಮಾನರದು. ನಿವೃತ್ತರಾದ ವರ್ಷವೇ ಇದನ್ನು ಕೊಂಡರು. ಕೊಳ್ಳುವ ಮೊದಲು ಒಂದು ವರ್ಷ ಅದರ ಚರಿತ್ರೆಯನ್ನೆಲ್ಲ ಓದಿ ಊಟದ ಹೊತ್ತಿನಲ್ಲಿ ನನಗೆ ಒಪ್ಪಿಸಿದರು. ನಮ್ಮ ದಕ್ಷಿಣಕ್ಕಿರುವ ಅಯೋವ ಸಂಸ್ಥಾನದ ಫಾರೆಸ್ಟ್ ಸಿಟಿ ಎಂಬ ಪುಟ್ಟ ಊರಿನಲ್ಲಿ, ಊರ ಜನಕ್ಕೆ ಕೆಲಸ ಸಿಗಲೆಂದು 1958ರಲ್ಲಿ ಒಂದು ಕಾರ್ಖಾನೆ ಬಂದಿತಂತೆ. ಮೊದಲು ಕಾರಿನ ಹಿಂದೆ ಎಳೆದೊಯ್ಯುವ ಬಂಡಿಗಳನ್ನು ಮಾಡುತ್ತಿದ್ದು, 1966ರಿಂದ ಎಂಜಿನ್ ಸಹಿತವಾದ ಮನೆಗಾಡಿಗಳನ್ನು ತಯಾರಿಸತೊಡಗಿದರು. ಅದೇ ಇಂದಿನ ವಿನೆಬೇಗೊ ಕಂಪನಿ. ಆ ಜಿಲ್ಲೆಯ ಹೆಸರನ್ನೇ ಕಂಪನಿಗೆ ಇಟ್ಟರು. ಜಿಲ್ಲೆಗೆ ಆ ಹೆಸರು ಬಂದುದು ತಮ್ಮನ್ನು ತಾವು ಹೋ-ಚಂಕ್ ಎಂದು ಕರೆದುಕೊಳ್ಳುವ ಮೂಲನಿವಾಸಿಗಳಿಂದ. ಒಂದು ಕುಲದವರನ್ನು ಅವರ ನೆಲದಿಂದ ಎಬ್ಬಿಸಿ ಕಳುಹಿಸಿ, ಬಳಿಕ ಅವರ ಹೆಸರನ್ನು ಅಲೆಯುವ ಗಾಡಿಗೆ ಇಟ್ಟುಕೊಂಡರಲ್ಲ ಎಂದು ನಾನೆಂದುದಕ್ಕೆ ಯಜಮಾನರಲ್ಲಿ ಉತ್ತರವಿರಲಿಲ್ಲ. ನಮ್ಮ ಗಾಡಿ ಅದಲ್ಲ, ಬೇರೆಯವರ ತಯಾರಿಕೆ ಎಂದಷ್ಟೇ ಹೇಳಿ ತುಪ್ಪ ಬಡಿಸಿಕೊಂಡರು.

ಹುಚ್ಚು ಅವರದಾದರೂ ಸುಖದಲ್ಲಿ ನನಗೂ ಪಾಲು ಸಿಕ್ಕಿದೆಯೆಂಬುದನ್ನು ಮರೆಮಾಚಲಾರೆ. ಈ ಗಾಡಿಯಲ್ಲಿಯೇ ನಾವು ಮಿಸಿಸಿಪ್ಪಿ ನದಿಯ ಉಗಮಕ್ಕೆ ಹೋದೆವು. 1891ರಲ್ಲಿ ಸ್ಥಾಪಿತವಾದ ಇಟಾಸ್ಕ ಉದ್ಯಾನದಲ್ಲಿ, ಅದೇ ಹೆಸರಿನ ಸರೋವರದಿಂದ ಆ ಮಹಾನದಿ ಮೊಣಕಾಲು ಮುಳುಗುವಷ್ಟೇ ನೀರಾಗಿ, ಕಲ್ಲುಗಳ ನಡುವೆ ಜುಳುಜುಳು ಹೊರಡುತ್ತದೆ. ಕಲ್ಲಿಂದ ಕಲ್ಲಿಗೆ ಕಾಲಿಟ್ಟು ಮಕ್ಕಳು ಅದನ್ನು ದಾಟಿಬಿಡುತ್ತಾರೆ. ಅಲ್ಲಿಂದ ಮುಂದಕ್ಕೆ 3,700 ಕಿಲೋಮೀಟರಿಗೂ ಹೆಚ್ಚು ಹರಿದು ಕಡಲು ಸೇರುವ ನದಿಯೆಂದು ನಂಬುವುದೇ ಕಷ್ಟ. ನಾನು ತಲಕಾವೇರಿಯ ಕುಂಡಿಕೆಯನ್ನು ನೆನೆದು ಎರಡು ಹನಿ ತಲೆಗೆ ಪ್ರೋಕ್ಷಿಸಿಕೊಂಡೆ. ಯಜಮಾನರು ಅಲ್ಲಿಯ ನೀರಿನಲ್ಲಿಯೇ ಕಾಫಿಯಾಗಬೇಕೆಂದು ಹಟ ಹಿಡಿದರು. ಕುದಿಸಿ, ಸೋಸಿ, ಮತ್ತೆ ಕುದಿಸಿ ಮಾಡಿಕೊಟ್ಟೆ. ಗಾಡಿಯ ಒಲೆಯ ಮೇಲಾದ ಕಾಫಿಗಳಲ್ಲಿ ಅದನ್ನು ಮೀರಿಸಿದ್ದು ಇನ್ನೂ ಆಗಿಲ್ಲ.

ಕಳೆದ ಸೆಪ್ಟೆಂಬರಿನ ಆರಂಭದಲ್ಲಿ ಯಜಮಾನರ ಎದೆಗೆ ಶಸ್ತ್ರಚಿಕಿತ್ಸೆಯಾಯಿತು. ಹೃದಯದ ಮೂರು ನಾಳಗಳು ಕಟ್ಟಿಕೊಂಡಿದ್ದವು; ಕಾಲಿನ ರಕ್ತನಾಳವನ್ನು ತೆಗೆದು ಅಲ್ಲಿಗೆ ಜೋಡಿಸಿದರು. ಮನೆಗೆ ಕಳುಹಿಸುವಾಗ ವೈದ್ಯರು ಕೊಟ್ಟ ನಿಷೇಧಗಳ ಪಟ್ಟಿ ದೊಡ್ಡದು. ನಾಲ್ಕು ಕಿಲೋಗ್ರಾಮಿಗಿಂತ ಹೆಚ್ಚಿನ ಭಾರ ಎತ್ತಕೂಡದು. ಕೈಗಳನ್ನು ತಲೆಯ ಮೇಲಕ್ಕೆ ಚಾಚಿ ಎಳೆಯಕೂಡದು. ತಾವು ಹೇಳುವವರೆಗೆ ವಾಹನ ನಡೆಸಕೂಡದು. ಕೆಮ್ಮು ಬಂದರೂ ನಗೆ ಬಂದರೂ ಎದೆಗೆ ಅಪ್ಪಿಕೊಳ್ಳಲು ಒಂದು ಸಣ್ಣ ದಿಂಬನ್ನು ಕೊಟ್ಟಿದ್ದರು. ಒಡೆದು ಕೂಡಿಸಿದ ಎದೆಮೂಳೆ ಅದುರಬಾರದೆಂಬುದಕ್ಕೆ ಆ ಉಪಾಯ.

ಮಕ್ಕಳಿಬ್ಬರೂ ಬಂದು ಹೋದರು. ಹೊರಡುವ ಮುನ್ನ ಗಾಡಿಯನ್ನು ಮಾರಿಬಿಡಿರೆಂದು ಇಬ್ಬರೂ ಒಂದೇ ಮಾತನ್ನು ಹೇಳಿದರು. ಮಗ ವ್ಯಾಪಾರಿಯೊಬ್ಬನಿಂದ ಬೆಲೆಯನ್ನೂ ಕೇಳಿ ತಿಳಿದಿದ್ದ. ಚಳಿಗಾಲದ ಬಾಗಿಲಿನಲ್ಲಿ ಮನೆಗಾಡಿ ಮಾರುವುದೆಂದರೆ ಜ್ಯೇಷ್ಠಮಾಸದಲ್ಲಿ ಬೀಸಣಿಗೆ ಮಾರಿದಂತೆ, ಬೆಲೆ ಬರುವುದಿಲ್ಲ. ಯಜಮಾನರು ಒಪ್ಪಲೂ ಇಲ್ಲ, ಒಲ್ಲೆನೆನ್ನಲೂ ಇಲ್ಲ. ಕಿಟಕಿಯ ಬಳಿ ಕುಳಿತು ಅಂಗಳದಲ್ಲಿದ್ದ ಗಾಡಿಯನ್ನೇ ನೋಡುತ್ತಿದ್ದರು. ನಾನೇ ಮಧ್ಯಸ್ಥಿಕೆ ವಹಿಸಿ, “ಮಾರಿದರೂ ಇಟ್ಟುಕೊಂಡರೂ ಒಡೆದ ಕೊಳವೆಯ ಗಾಡಿ ಯಾರಿಗೂ ಬೇಡ. ಈ ಚಳಿಗಾಲ ದಾಟಿಸೋಣ, ಉಳಿದದ್ದು ಆಮೇಲೆ” ಎಂದೆ. ಅಷ್ಟು ಹೇಳಿದ ಮೇಲೆ ಅದರ ಕೆಳಗೆ ಅಂಗಾತ ಮಲಗುವ ಕೆಲಸ ನನ್ನ ಪಾಲಿಗೆ ಬಂದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಯಜಮಾನರಲ್ಲಿ ಒಂದು ಹಳೆಯ ನೋಟುಬುಕ್ಕಿದೆ. ವರ್ಷ ವರ್ಷವೂ ಯಾವ ದಿನ ಯಾವ ತಿರುಪನ್ನು ಬಿಚ್ಚಿದರು, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೆಲ್ಲ ಶಾನುಭೋಗರ ಲೆಕ್ಕದಂತೆ ಅದರಲ್ಲಿ ಬರೆದಿದ್ದಾರೆ. ಮಡಿಸುವ ಕುರ್ಚಿಯಲ್ಲಿ ಕಂಬಳಿ ಹೊದ್ದು, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ದಿಂಬು ಹಿಡಿದು ಅವರು ಕುಳಿತರೆಂದರೆ, ಮದುವೆಮನೆಯಲ್ಲಿ ಮಂತ್ರ ಹೇಳುವ ಪುರೋಹಿತರೂ ಹೊಗೆ ಕುಡಿಯುವ ಯಜಮಾನನೂ ನೆನಪಿಗೆ ಬರುವಂತಿತ್ತು. ಹೊಗೆ ಕುಡಿಯುವವಳು ನಾನು.

ಇಡೀ ಸಿದ್ಧತೆಯ ಮೂಲಸೂತ್ರ ಒಂದೇ: ಗಾಡಿಯೊಳಗೆ ಒಂದು ತೊಟ್ಟು ನೀರೂ ಉಳಿಯಬಾರದು. ಲೋಕದ ಹೆಚ್ಚಿನ ಪದಾರ್ಥಗಳು ತಣಿದಾಗ ಕುಗ್ಗಿದರೆ ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ನೂರು ಪಾಲು ನೀರು ಸುಮಾರು 109 ಪಾಲು ಮಂಜುಗಡ್ಡೆಯಾಗುತ್ತದೆ. ಈ ಗುಣದಿಂದಲೇ ಮಂಜುಗಡ್ಡೆ ಸರೋವರದ ಮೇಲೆ ತೇಲಿ, ಅಡಿಯಲ್ಲಿ ಮೀನುಗಳು ಬದುಕಿರುತ್ತವೆ. ಆದರೆ ಕಿರುಬೆರಳ ಗಾತ್ರದ ಕೊಳವೆಯಲ್ಲಿ ಎರಡು ಕಡೆಯೂ ಮುಚ್ಚಿಕೊಂಡ ನೀರಿಗೆ ಹಿಗ್ಗಲು ಎಡೆಯೆಲ್ಲಿ? ಕೊಳವೆಯನ್ನೋ ನಲ್ಲಿಯನ್ನೋ ಸೀಳುತ್ತದೆ. ಸೀಳಿದ್ದು ಆಗ ತಿಳಿಯುವುದೂ ಇಲ್ಲ. ಮಂಜುಗಡ್ಡೆಯೇ ಬಿರುಕಿಗೆ ಬೆಣೆಯಾಗಿ ಕುಳಿತಿರುತ್ತದೆ. ಏಪ್ರಿಲಿನಲ್ಲಿ ಕರಗಿ, ಮನೆಯವರು ಉತ್ಸಾಹದಿಂದ ನೀರು ತುಂಬಿಸಿದಾಗ ಗೋಡೆಯೊಳಗಿನಿಂದ ಗಂಗಾವತರಣವಾಗುತ್ತದೆ. ನಮ್ಮ ಬೀದಿಯ ಒಬ್ಬರು ಎಲ್ಲವನ್ನೂ ಬರಿದು ಮಾಡಿ, ಹೊರಮೈಯಲ್ಲಿ ಕಾಲು ತೊಳೆಯಲೆಂದು ಇರುವ ಒಂದು ಪುಟ್ಟ ನಲ್ಲಿಯನ್ನು ಮರೆತರು. ಚಿಟಿಕೆಯಷ್ಟು ಪ್ಲಾಸ್ಟಿಕ್ ಒಡೆದುದಕ್ಕೆ ನೆಲಹಾಸಿನ ಹಲಗೆಗಳನ್ನೆಲ್ಲ ಕಿತ್ತು ಹೊಸದು ಹಾಕಿಸಬೇಕಾಯಿತು.

ಮೊದಲ ಕೆಲಸವೇ ಎಲ್ಲಕ್ಕಿಂತ ಕೀಳಾದದ್ದು. ಗಾಡಿಯಲ್ಲಿ ಮೂರು ತೊಟ್ಟಿಗಳಿವೆ: ಕುಡಿಯುವ ನೀರಿನದೊಂದು, ಪಾತ್ರೆ ತೊಳೆದ ಹಾಗೂ ಸ್ನಾನದ ಬೂದುನೀರಿನದೊಂದು, ಶೌಚದ ಕರಿನೀರಿನದೊಂದು. ಕರಿನೀರಿನ ಶಿಕ್ಷೆಯೆಂಬ ಮಾತನ್ನು ಅಂಡಮಾನಿಗೆ ಸಂಬಂಧಿಸಿ ಕೇಳಿದ್ದೆ. ಅದರ ಬೇರೊಂದು ಅರ್ಥ ಇಲ್ಲಿ ತಿಳಿಯಿತು. ಅದಕ್ಕೆಂದೇ ಇರುವ ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿ, ಗೇಣಗಲದ ಅರ್ಧದಷ್ಟಿರುವ ಕೊಳವೆ ಜೋಡಿಸಿ, ಮೊದಲು ಕರಿನೀರನ್ನೂ ಬಳಿಕ ಬೂದುನೀರನ್ನೂ ಬಿಡಬೇಕು. ಸಾಬೂನು ಬೆರೆತ ಎರಡನೆಯದರಿಂದ ಕೊಳವೆ ತೊಳೆದಂತಾಗಲೆಂದು. ನನ್ನ ಅತ್ತೆಯವರು ಮಡಿಯ ವಿಷಯದಲ್ಲಿ ಅಗ್ನಿಯಂತಿದ್ದವರು. ಕೈಗವಸು ತೊಟ್ಟು ಆ ಕೊಳವೆಯನ್ನು ಹಿಡಿದಿದ್ದಾಗ ಅವರನ್ನು ನೆನೆದೆ. ಆದರೆ ನ್ಯಾಯವಾಗಿ ಹೇಳುವುದಾದರೆ, ಶುದ್ಧ ಯಾವುದು ಅಶುದ್ಧ ಯಾವುದು, ಯಾವುದಾದ ಮೇಲೆ ಯಾವುದು ಎಂಬ ಕ್ರಮದಲ್ಲಿ ಮನೆಗಾಡಿಯವರ ಶಾಸ್ತ್ರ ಅತ್ತೆಯವರ ಶಾಸ್ತ್ರಕ್ಕಿಂತ ಎಳ್ಳಷ್ಟೂ ಸಡಿಲವಾದುದಲ್ಲ.

ಅಂದು ನಿಲ್ದಾಣಕ್ಕೆ ಗಾಡಿ ಕೊಂಡೊಯ್ದವರು ಎದುರುಮನೆಯವರು. ಮನೆಗೆ ಮರಳಿದ ಮೇಲೆ ಬಿಸಿನೀರಿನ ತೊಟ್ಟಿಯ ಸರದಿ. ಇದರ ವಿದ್ಯುತ್ತನ್ನೂ ಅನಿಲವನ್ನೂ ಹಿಂದಿನ ರಾತ್ರಿಯೇ ಆರಿಸಿ ತಣಿಯಲು ಬಿಟ್ಟಿದ್ದೆವು. ಬಿಸಿಯಿರುವಾಗ ಮುಚ್ಚಳ ತೆಗೆದರೆ ಸುಡುನೀರು ಮುಖಕ್ಕೆ ಚಿಮ್ಮುತ್ತದೆ. ಒತ್ತಡ ಬಿಡುಗಡೆ ಮಾಡಿ, ಕೆಳಗಿನ ತಿರುಪನ್ನು ಉದ್ದ ಹಿಡಿಯ ಪಾನದಿಂದ ತಿರುಗಿಸಿದೆ. ಆರು ಗ್ಯಾಲನ್, ಅಂದರೆ ಹತ್ತಿರ ಹತ್ತಿರ 23 ಲೀಟರು ನೀರು, ಸುಣ್ಣದ ಬಿಳಿಯ ಚೂರುಗಳೊಡನೆ ಅಂಗಳಕ್ಕೆ ಹರಿಯಿತು. ತಿರುಪಿನ ತುದಿಯಲ್ಲಿ ಒಂದು ಮೊಳದಷ್ಟಿಲ್ಲದ ಕಡ್ಡಿಯೊಂದು ಹೊರಬಂದಿತು. ಹುಳು ತಿಂದ ಕಬ್ಬಿನ ಜಲ್ಲೆಯಂತೆ ಸವೆದಿತ್ತು. ಅದು ಮೆಗ್ನೀಸಿಯಮ್ಮಿನದು. ನೀರು ಉಕ್ಕಿನ ತೊಟ್ಟಿಯನ್ನು ತಿನ್ನುವ ಬದಲು ಮೊದಲು ಈ ಕಡ್ಡಿಯನ್ನು ತಿನ್ನಲಿ ಎಂದು ಇಟ್ಟಿರುತ್ತಾರೆ. ಮುಗಿಯುತ್ತ ಬಂದೊಡನೆ ಹೊಸದನ್ನು ಹಾಕುವುದು. ಹಳೆಯ ಕಡ್ಡಿಗಳನ್ನು ಯಜಮಾನರು ಎಸೆದಿಲ್ಲವೆಂದು ಆಗ ತಿಳಿಯಿತು. ಷೆಡ್ಡಿನ ಒಂದು ಡಬ್ಬಿಯಲ್ಲಿ ವರ್ಷ ಬರೆದ ಚೀಟಿಯೊಡನೆ ಸಾಲಾಗಿ ಇದ್ದವು.

“ಇನ್ನು ಬೈಪಾಸ್” ಎಂದು ಯಜಮಾನರು ಓದಿದರು. ಓದಿ ನಿಲ್ಲಿಸಿದರು. ನಾನು ಗಾಡಿಯ ಒಳಗಿನಿಂದ ತಲೆ ಹೊರಹಾಕಿ ನೋಡಿದೆ. ಬಿಸಿನೀರಿನ ತೊಟ್ಟಿಯನ್ನು ಬಿಟ್ಟು ದ್ರವ ಬಳಸುದಾರಿಯಲ್ಲಿ ಹರಿಯುವಂತೆ ಮಾಡುವ ಕವಾಟಕ್ಕೆ ಇಲ್ಲಿಯೂ ಅದೇ ಹೆಸರು. ಹಾಗೆ ಮಾಡದಿದ್ದರೆ ಮುಂದೆ ಹಾಕುವ ಔಷಧದಲ್ಲಿ ಆರು ಗ್ಯಾಲನ್ ಆ ತೊಟ್ಟಿಯ ಹೊಟ್ಟೆ ತುಂಬಲು ವ್ಯರ್ಥವಾಗುತ್ತದೆ. “ನಿಮಗಾದದ್ದು ಮೂರು, ಇದಕ್ಕೆ ಒಂದೇ ಸಾಕು” ಎಂದೆ. ಅವರು ದಿಂಬನ್ನು ಎದೆಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಹಾಗೆ ನಕ್ಕುದು ಅದೇ ಮೊದಲು. ಕವಾಟವನ್ನು ತಿರುಗಿಸಲು ನನಗೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಹಿಡಿಯಿತು.

ಔಷಧವೆಂದೆನಲ್ಲ, ಅದರ ಬಣ್ಣ ಗುಲಾಬಿ. ಗ್ಯಾಲನ್ನಿನ ಜಾಡಿಗಳಲ್ಲಿ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಗಾಡಿಗೆ ಮೂರು ಜಾಡಿ ಸಾಕು. ಇದರಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್. ತಿಂಡಿ ಪದಾರ್ಥಗಳಲ್ಲಿಯೂ ಔಷಧಿಗಳಲ್ಲಿಯೂ ಬಳಕೆಯಲ್ಲಿರುವ ನಿರಪಾಯದ ವಸ್ತು. ಕಾರಿನ ಎಂಜಿನ್ನಿಗೆ ಹಾಕುವುದರಲ್ಲಿ ಬಹುಮಟ್ಟಿಗೆ ಇರುವುದು ಇದರ ದಾಯಾದಿಯಾದ ಎಥಿಲೀನ್ ಗ್ಲೈಕಾಲ್. ಅದು ರುಚಿಗೆ ಸಿಹಿ, ಪರಿಣಾಮದಲ್ಲಿ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನೆಕ್ಕಿ ಬೆಕ್ಕು ನಾಯಿಗಳು ಸಾಯುವುದುಂಟು. ಆದ್ದರಿಂದ ಕುಡಿಯುವ ನೀರಿನ ಕೊಳವೆಗೆ ಅದನ್ನು ಎಂದಿಗೂ ಹಾಕಬಾರದು. ಜಾಡಿಯೊಳಗೆ ಒಂದು ನಳಿಕೆ ಬಿಟ್ಟು ಗಾಡಿಯ ಪಂಪನ್ನು ನಡೆಸಿದರೆ ಅದು ಗುಟುಕು ಗುಟುಕಾಗಿ ಹೀರುತ್ತದೆ. ಆಮೇಲೆ ನಲ್ಲಿಗಳನ್ನು ಒಂದೊಂದಾಗಿ ತೆರೆಯಬೇಕು. ಬಿಸಿಯದು, ತಣ್ಣನೆಯದು, ಸ್ನಾನದ್ದು, ಶೌಚದ್ದು, ನೆರೆಯವರಿಗೆ ಕೈಕೊಟ್ಟ ಆ ಹೊರಗಿನದು. ಮೊದಲು ಗಾಳಿ ಸೀನುತ್ತದೆ, ಬಳಿಕ ನೀರು, ಬಳಿಕ ತಿಳಿಗೆಂಪು, ಕೊನೆಗೆ ಅಚ್ಚ ಗುಲಾಬಿ. ವಸಂತೋತ್ಸವದ ಓಕುಳಿಯನ್ನು ಚಳಿಯ ಬಾಗಿಲಿನಲ್ಲಿ ಆಡಿದಂತಾಯಿತು. ಬಚ್ಚಲ ತೂತುಗಳ ಕೆಳಗಿನ ಬಾಗು ಕೊಳವೆಗಳಲ್ಲಿ ಸದಾ ನೀರು ನಿಂತಿರುವುದರಿಂದ ಅಲ್ಲಿಗೂ ಒಂದೊಂದು ಲೋಟ ಸುರಿದೆ. “ಹೊರಗಿನದು ಆಯಿತೆ?” ಎಂದು ಯಜಮಾನರು ಮೂರು ಸಲ ಕೇಳಿದರು. ಮೂರನೆಯ ಸಲ ಅವರನ್ನೇ ಕರೆದು, ನಲ್ಲಿಯ ಬಾಯಿಯ ಗುಲಾಬಿ ಹನಿಯನ್ನು ತೋರಿಸಬೇಕಾಯಿತು.

ಬ್ಯಾಟರಿಗಳ ವಿಚಾರದಲ್ಲಿ ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆ ನಿಜ. ಪೂರ್ಣ ವಿದ್ಯುತ್ ತುಂಬಿದ ಸೀಸದ ಬ್ಯಾಟರಿ ಸೊನ್ನೆಗಿಂತ 50 ಡಿಗ್ರಿ ಕೆಳಗೂ ಹೆಪ್ಪುಗಟ್ಟುವುದಿಲ್ಲ. ಬರಿದಾದದ್ದು 10 ಡಿಗ್ರಿ ಕೆಳಗಿಳಿಯುವಷ್ಟರಲ್ಲಿ ಗಟ್ಟಿಯಾಗಿ ಒಡೆಯುತ್ತದೆ. ಒಂದೊಂದೂ ಇಪ್ಪತ್ತು ಕಿಲೋಗ್ರಾಮಿಗೆ ಮಿಕ್ಕ ಭಾರ. ಎದುರುಮನೆಯವರ ಮಗ, ಹದಿನೇಳರ ಹುಡುಗ, ಎರಡನ್ನೂ ಎರಡು ತೆಂಗಿನಕಾಯಿಗಳಂತೆ ಎತ್ತಿಕೊಂಡು ನೆಲಮಾಳಿಗೆಗೆ ಇಳಿಸಿದ. ಅದನ್ನು ನೋಡುತ್ತಿದ್ದ ಯಜಮಾನರ ಮುಖವನ್ನು ನಾನು ನೋಡಲಿಲ್ಲ. ನೋಡಬಾರದೆಂದೇ ಬೇರೆ ಕಡೆ ತಿರುಗಿದ್ದೆ.

ಇನ್ನು ಇಲಿಗಳು. ಚಳಿ ಹತ್ತಿದೊಡನೆ ಹೊಲದ ಇಲಿಗಳೆಲ್ಲ ಬೆಚ್ಚನೆಯ ಆಶ್ರಯ ಹುಡುಕುತ್ತವೆ. ಆರು ತಿಂಗಳು ಮನುಷ್ಯರಿಲ್ಲದ, ಹಾಸಿಗೆಯಿರುವ, ಗೋಡೆಯೊಳಗೆಲ್ಲ ಓಡಾಡಲು ಓಣಿಗಳಿರುವ ಮನೆಗಾಡಿಗಿಂತ ಅವಕ್ಕೆ ಬೇಕಾದುದು ಏನಿದೆ? ತಂತಿಗಳನ್ನು ಕಡಿದರೆ ಸಾವಿರಾರು ಡಾಲರ್ ನಷ್ಟ. ಇದಕ್ಕೆ ಇಲ್ಲಿ ಹೇಳದ ಮದ್ದಿಲ್ಲ. ಪುದೀನ ತೈಲವೆನ್ನುವವರು ಕೆಲವರು, ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಪರಿಮಳದ ಹಾಳೆಗಳೆನ್ನುವವರು ಕೆಲವರು. ಇಂಗು ಕಟ್ಟಿಟ್ಟರೆ ಇಲಿ ಸುಳಿಯದೆಂಬುದು ನಮ್ಮ ಯಜಮಾನರ ಸಿದ್ಧಾಂತ; ಸಾರಿನ ಪರಿಮಳಕ್ಕೆ ಇನ್ನೂ ಹತ್ತು ಬರಬಹುದೆಂಬುದು ನನ್ನ ಪೂರ್ವಪಕ್ಷ. ನನ್ನ ಅನುಭವದಲ್ಲಿ ಕೆಲಸ ಮಾಡುವ ಉಪಾಯಗಳು ಎರಡೇ: ಕೊಳವೆಗಳು ಒಳಹೊಗುವ ಸಂದುಗಳಿಗೆಲ್ಲ ಉಕ್ಕಿನ ನಾರನ್ನು ಬಿಗಿಯಾಗಿ ತುರುಕುವುದು, ಒಂದು ಕಾಳೂ ಉಳಿಯದಂತೆ ಆಹಾರವನ್ನು ತೆಗೆಯುವುದು. ಗಣೇಶನನ್ನು ಚಾಲಕನ ಮುಂದೆ ಕೂರಿಸಿಕೊಂಡು ಅವನ ವಾಹನಕ್ಕೆ ಮಾತ್ರ ಪ್ರವೇಶವಿಲ್ಲವೆನ್ನುವುದು ಧರ್ಮಸಂಕಟವೇ ಸರಿ. ಏನು ಮಾಡೋಣ!

ಹೀಗೆ ಕಪಾಟುಗಳನ್ನು ಬರಿದು ಮಾಡುವಾಗ ಕೈ ತಾನಾಗಿ ನಿಧಾನವಾಯಿತು. ಅಕ್ಕಿ, ತೊಗರಿಬೇಳೆ, ಮೆಂತ್ಯದ ಹಿಟ್ಟು, ಅರ್ಧ ಸುಟ್ಟ ಹಪ್ಪಳದ ಕಟ್ಟು ಹೊರಬಂದವು. ಹೆಪ್ಪುಗಟ್ಟಿ ಸಿಡಿಯಬಹುದೆಂದು ಎಣ್ಣೆ, ಉಪ್ಪಿನಕಾಯಿ, ಸಾಬೂನುನೀರು ಇವನ್ನೂ ತೆಗೆದೆ. ಮಾರುವ ಗಾಡಿಯಾದರೆ ಇಲ್ಲಿಗೆ ನಿಲ್ಲಿಸುವಂತಿಲ್ಲ; ಕೊಯಮತ್ತೂರು ಸೀರೆ ಹರಿದು ಹೊಲಿದ ಪರದೆಗಳು, ಸ್ಟೀಲಿನ ಎರಡು ಲೋಟ, ಕಾಫಿ ಸೋಸುವ ಫಿಲ್ಟರು, ಕಪಾಟಿನ ಒಳಬಾಗಿಲಿಗೆ ಅಂಟಿಸಿದ, ಹೋದ ಊರುಗಳಿಗೆಲ್ಲ ಕುಂಕುಮದ ಚುಕ್ಕೆಯಿಟ್ಟ ನಕಾಶೆ ಎಲ್ಲವೂ ಕೆಳಗಿಳಿಯಬೇಕಾಗಿತ್ತು. ಪೆಟ್ಟಿಗೆಯಲ್ಲಿ ಜಾಗವೂ ಇತ್ತು. ಆದರೂ ಚಳಿಗೆ ಕೆಡದ ವಸ್ತುವನ್ನು ತೆಗೆಯಬೇಕೆಂದು ಯಜಮಾನರ ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ನಾನು ಪುಸ್ತಕದಂತೆ ನಡೆದೆ. ಫಿಲ್ಟರನ್ನು ಒರಸಿ, ಇದ್ದಲ್ಲಿಯೇ ಇಟ್ಟು ಕದ ಮುಚ್ಚಿದೆ.

ಅದೇ ವಾರ ಆಯುಧಪೂಜೆ ಬಂದಿತು. ಈ ನಾಡಿನಲ್ಲಿ ಮನೆಗಾಡಿ ಕಟ್ಟಿಡುವ ಕಾಲವೂ ನಮ್ಮ ಮಹಾನವಮಿಯೂ ಹೆಚ್ಚುಕಡಮೆ ಒಟ್ಟಿಗೆ ಬರುತ್ತವೆ. ಬೂದುಗುಂಬಳ ಸಿಗುವುದಿಲ್ಲ, ಆದರೆ ಅಕ್ಟೋಬರಿನಲ್ಲಿ ಇಲ್ಲಿಯ ಮನೆಮನೆಯ ಮೆಟ್ಟಿಲ ಮೇಲೂ ಕಿತ್ತಳೆ ಬಣ್ಣದ ಕುಂಬಳಕಾಯಿ ಇರುತ್ತದೆ. ಒಂದಕ್ಕೆ ಕುಂಕುಮ ತುಂಬಿ ಅಂಗಳದಲ್ಲಿ ಒಡೆದೆ. ಆರು ಚಕ್ರಕ್ಕೆ ಆರು ನಿಂಬೆಯೆಂದು ಯಜಮಾನರು, ಹಿಂದಿನ ಜೋಡಿಚಕ್ರಕ್ಕೆ ಒಂದೊಂದರಂತೆ ನಾಲ್ಕೇ ಸಾಕೆಂದು ನಾನು. ಈ ವಿಷಯದಲ್ಲಿ ಶಾಸ್ತ್ರವೇನೆನ್ನುತ್ತದೆಯೋ! ನಾಲ್ಕರಲ್ಲಿ ಮುಗಿಸಿದೆ.

ನಮ್ಮ ಊರಿನ ಕಟ್ಟಳೆಯಂತೆ ಚಳಿಗಾಲವಿಡೀ ಮನೆಯ ಮುಂದೆ ಇಂಥ ಗಾಡಿಯನ್ನು ನಿಲ್ಲಿಸುವಂತಿಲ್ಲ. ಸುತ್ತಮುತ್ತಲ ರೈತರು ಸುಗ್ಗಿಯ ಮೇಲೆ ತಮ್ಮ ದೊಡ್ಡ ಕೊಟ್ಟಿಗೆಗಳಲ್ಲಿ ದೋಣಿಗಳಿಗೂ ಮನೆಗಾಡಿಗಳಿಗೂ ಬಾಡಿಗೆಗೆ ಜಾಗ ಕೊಡುತ್ತಾರೆ. ನಾವು ಇಡುವ ಕೊಟ್ಟಿಗೆ ಇಲ್ಲಿಂದ ಇಪ್ಪತ್ತು ಕಿಲೋಮೀಟರು. ಎದುರುಮನೆಯವರು ತಾವೇ ಒಯ್ದುಕೊಡುವುದಾಗಿ ಈ ಸಲವೂ ಹೇಳಿದರು. ನಾನು ಒಪ್ಪಲಿಲ್ಲ. ಮೂವತ್ತು ವರ್ಷಗಳಿಂದ ಕಾರು ನಡೆಸಿದ್ದೇನೆ. ಈ ಗಾಡಿಯನ್ನೂ ಆಗೊಮ್ಮೆ ಈಗೊಮ್ಮೆ ಬಯಲುರಸ್ತೆಯಲ್ಲಿ ನಡೆಸಿದ್ದುಂಟು. ಕಡೆಯವರೆಗೆ ಪೂರ್ತಿಯಾಗಿ ನಡೆಸಿರಲಿಲ್ಲ, ಅಷ್ಟೆ. ಅವರು ಬೇಕಾದರೆ ತಮ್ಮ ಕಾರಿನಲ್ಲಿ ಹಿಂದೆ ಬರಲಿ, ಮರಳಿ ಬರಲು ನಮಗೂ ವಾಹನ ಬೇಕಲ್ಲ ಎಂದೆ.

ಯಜಮಾನರು ಪಕ್ಕದ ಪೀಠದಲ್ಲಿ ದಿಂಬನ್ನು ಎದೆಗೂ ಬೆಲ್ಟಿಗೂ ನಡುವೆ ಇಟ್ಟುಕೊಂಡು ಕುಳಿತರು. ದಾರಿಯಲ್ಲಿ ಟ್ಯಾಂಕು ತುಂಬ ಪೆಟ್ರೋಲು ಹಾಕಿಸಿ, ಅದು ಕೆಡದಂತೆ ಕಾಯುವ ದ್ರವವನ್ನು ಬೆರೆಸಿದೆವು. ಖಾಲಿ ಟ್ಯಾಂಕಿನ ಗೋಡೆಯಲ್ಲಿ ತೇವ ಕೂರುತ್ತದೆ, ಮೇಲಾಗಿ ಮಿಶ್ರವಾದ ದ್ರವ ಎಂಜಿನ್ನಿನವರೆಗೆ ತಲುಪಲು ಆ ಓಟವೇ ಸಾಕು. ಚಕ್ರಗಳಿಗೂ ಅಲ್ಲಿಯೇ ಗಾಳಿ ತುಂಬಿಸಿದೆವು. ಮೆಕ್ಕೆಜೋಳ ಕೊಯ್ದ ಬಯಲು ಎರಡು ಕಡೆಗೂ ಬಣ್ಣಗೆಟ್ಟು ಮಲಗಿತ್ತು. ಬಾತುಗಳು ದಕ್ಷಿಣಕ್ಕೆ ಹಾರುತ್ತಿದ್ದವು. ಗಾಳಿ ಅಡ್ಡ ಬಡಿದಾಗಲೆಲ್ಲ ಗಾಡಿ ಆನೆಯಂತೆ ಓಲಾಡಿತು. ಅವರು ಒಂದು ಮಾತನ್ನೂ ಆಡಲಿಲ್ಲ. ಬಲಗಾಲು ಮಾತ್ರ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಕೊಟ್ಟಿಗೆ ನಮ್ಮ ಜಾತ್ರೆಯ ಊರುಗಳಲ್ಲಿ ತೇರು ನಿಲ್ಲಿಸುವ ಮನೆಯನ್ನು ಮತ್ತೆ ಮತ್ತೆ ನೆನಪಿಗೆ ತರುತ್ತದೆ. ಒಂದು ದಿನ ಊರೆಲ್ಲ ಎಳೆದು ಮೆರೆಸಿ, ಬಾಳೆಹಣ್ಣು ದವನ ಎಸೆದು, ಮರುದಿನದಿಂದ ತಗಡಿನ ಮರೆಯಲ್ಲಿ ನಿಲ್ಲಿಸಿಬಿಡುವ ತೇರು. ಇಲ್ಲಿ ಸರೋವರದ ದೋಣಿಗಳು, ಯಾರದೋ ಅಜ್ಜನ ಕಾಲದ ಕಾರು, ಸುಗ್ಗಿ ಯಂತ್ರ, ನಮ್ಮಂಥ ನಾಲ್ಕಾರು ಮನೆಗಾಡಿಗಳು. ರೈತ ಒಂದು ಹಲಗೆಯ ಮೇಲೆ ಕಾಗದ ಹಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಆತನ ಲೆಕ್ಕ ಸರಳ. ವಸಂತದಲ್ಲಿ ಮೊದಲು ಹೊರಡುವವು ಬಾಗಿಲ ಬಳಿ. ಹೊರಡುವ ಅವಸರವಿಲ್ಲದವು ಒಳಗೋಡೆಗೆ. ಒಮ್ಮೆ ಒಳಗೆ ನಿಂತ ಮೇಲೆ ನಡುವೆ ತೆಗೆಯುವಂತಿಲ್ಲ. “ನಿಮ್ಮದು ಯಾವಾಗ?” ಎಂದು ವಾಡಿಕೆಯಂತೆ ಯಜಮಾನರನ್ನೇ ಕೇಳಿದ. ಅವರು ನನ್ನ ಕಡೆ ನೋಡಿದರು.

“ಏಪ್ರಿಲ್, ಎರಡನೆಯ ವಾರ” ಎಂದೆ.

ಆತ ಬರೆದುಕೊಂಡು ಬಾಗಿಲ ಎಡಗಡೆಗೆ ಕೈ ತೋರಿಸಿದ. ಯಜಮಾನರು ಇಳಿದು ಹಿಂದೆ ನಿಂತು ಕೈಸನ್ನೆ ಮಾಡಿದರು. ನಾನು ಕನ್ನಡಿ ನೋಡಿಕೊಂಡು ಹಿಮ್ಮುಖವಾಗಿ ಹಲಗೆಗಳ ಮೇಲೆ ಚಕ್ರ ಏರಿಸಿದೆ. ನಾಲ್ಕನೆಯ ಪ್ರಯತ್ನಕ್ಕೆ ನೇರವಾಗಿ ಬಂದಿತು. ಎಂಜಿನ್ನಿನ ಬ್ಯಾಟರಿಯ ಋಣತಂತಿಯನ್ನು ಕಳಚಿದೆ. ಅನಿಲದ ಕವಾಟ ಮುಚ್ಚಿದೆ. ಶೀತಕಪಾಟಿನ ಬಾಗಿಲು ಬೂಷ್ಟು ಹಿಡಿಯದಂತೆ ಅರೆತೆರೆದಿರಲೆಂದು ಒಂದು ಟವಲನ್ನು ಸಿಕ್ಕಿಸಿದೆ. ತೇವ ಹೀರುವ ಲವಣದ ಡಬ್ಬಿಗಳನ್ನು ಎರಡು ಮೂಲೆಗಳಲ್ಲಿ ಇಟ್ಟೆ. ಪ್ಲಾಸ್ಟಿಕ್ ಹೊದಿಕೆ ಒಳಗೇ ಬೆವರುತ್ತದೆಯೆಂದು ಉಸಿರಾಡುವ ಬಟ್ಟೆಯದನ್ನೇ ಹೊದಿಸಬೇಕು. ರೈತನೂ ಎದುರುಮನೆಯವರೂ ಎರಡು ಬದಿ ಹಿಡಿದರು.

ಮುಚ್ಚುವ ಮೊದಲು ಯಜಮಾನರು ನೋಟುಬುಕ್ಕನ್ನು ಕೇಳಿದರು. ಕುಳಿತಲ್ಲಿಯೇ ಒಂದು ಚೀಟಿಯಲ್ಲಿ, ನೀರು ಬರಿದಾಗಿದೆ, ಗುಲಾಬಿ ದ್ರವ ತುಂಬಿದೆ, ಬೈಪಾಸ್ ತಿರುಗಿಸದೆ ಪಂಪು ನಡೆಸಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆದು ಸ್ಟಿಯರಿಂಗಿಗೆ ಕಟ್ಟಿಸಿದರು. ಬಳಿಕ ಪುಸ್ತಕದ ಈ ವರ್ಷದ ಪುಟದಲ್ಲಿ ದಿನಾಂಕ, ಹೊತ್ತು, ಮೈಲುಗಳನ್ನು ಗುರುತಿಸಿದರು. ಪ್ರತಿ ವರ್ಷವೂ ಕೆಳಗೆ ತಮ್ಮ ಹೆಸರಿನ ಮೊದಲ ಅಕ್ಷರ ಹಾಕುವುದು ಅವರ ರೂಢಿ. ಈ ಸಲ ಪುಸ್ತಕವನ್ನೂ ಪೆನ್ನನ್ನೂ ನನ್ನ ಕಡೆಗೆ ಚಾಚಿದರು. ಕೈಗೆ ಎಂಜಿನ್ನಿನ ಮಸಿ ಹತ್ತಿದ್ದುದರಿಂದ ಸೆರಗಿಗೆ ಒರಸಿಕೊಂಡು ರುಜು ಹಾಕಿದೆ. ಪುಟಕ್ಕೆ ಸ್ವಲ್ಪ ಮಸಿ ಹತ್ತಿತು.